ರೆಕಾರ್ಡ್ ಪುಸ್ತಕದ 9.8

ಪಿಯುಸಿಯಲ್ಲಿ ಸರಳ ಲೋಲಕದ ಪ್ರಯೋಗ ಮಾಡಿದವರಿಗೆಲ್ಲ ಒಂದು ಗುಟ್ಟು ಗೊತ್ತಿರುತ್ತದೆ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಿಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಸ್ಟಾಪ್‌ವಾಚ್‌ನಲ್ಲಿ ನೋಡಬೇಕು. ಉದ್ದ ಒಂದು ಮೀಟರ್ ಇದ್ದರೆ ನಲವತ್ತು ಸೆಕೆಂಡಿನ ಆಸುಪಾಸು ಬರುತ್ತದೆ. ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿದರೆ ಉತ್ತರ 9.8. ಆದರೆ ಮಕ್ಕಳು ಹೊರಡುವುದು ಆ ತುದಿಯಿಂದ. ಉತ್ತರ ಪುಸ್ತಕದಲ್ಲೇ ಇದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಇಷ್ಟು ಉದ್ದಕ್ಕೆ ಇಷ್ಟು ಸೆಕೆಂಡ್ ಎಂದು ರೀಡಿಂಗ್ ತುಂಬಿಸಿ, ಸಹಜವಾಗಿ ಕಾಣಲಿ ಎಂದು ಅಲ್ಲೊಂದು ಇಲ್ಲೊಂದು ದಶಮಾಂಶ ಕದಲಿಸುತ್ತಾರೆ. ಹದಿನೇಳು ವರ್ಷ ಭೌತಶಾಸ್ತ್ರ ಹೇಳಿಕೊಟ್ಟ ನಾನು ಇಂಥ ರೆಕಾರ್ಡ್ ಪುಸ್ತಕಗಳಿಗೆ ಎಷ್ಟು ಸಹಿ ಹಾಕಿದ್ದೇನೋ ಲೆಕ್ಕವಿಲ್ಲ.

ಒಮ್ಮೆ ಒಬ್ಬಳು ಹುಡುಗಿ 9.2 ಬರೆದುಕೊಂಡು ಬಂದಳು. ದಾರದ ಉದ್ದಕ್ಕೆ ಗುಂಡಿನ ತ್ರಿಜ್ಯ ಸೇರಿಸಲು ಮರೆತಿದ್ದಳೋ, ಸ್ಟಾಪ್‌ವಾಚ್ ನಿಲ್ಲಿಸುವುದು ತಡವಾಗಿತ್ತೋ, ನಾನು ಕೇಳಲಿಲ್ಲ. "ಮತ್ತೆ ಮಾಡು" ಎಂದೆ. 9.3 ಬಂತು. "ಇನ್ನೊಮ್ಮೆ" ಎಂದೆ. ಹತ್ತೇ ನಿಮಿಷದಲ್ಲಿ 9.79 ತಂದು ತೋರಿಸಿದಳು. ಅವಳು ಮೂರನೆಯ ಸಲ ಗುಂಡನ್ನು ಮುಟ್ಟಿಯೇ ಇರಲಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಸಹಿ ಹಾಕಿದೆ.

ನಲವತ್ಮೂರನೆಯ ವಯಸ್ಸಿನಲ್ಲಿ ಆಪ್ತಸಮಾಲೋಚನೆಯ ಡಿಪ್ಲೊಮಾಕ್ಕೆ ಸೇರಿ, ಅದರ ಕಡತಗಳನ್ನು ಒಂದೊಂದಾಗಿ ತುಂಬಿಸುತ್ತ ಕುಳಿತಾಗ ಆ ಹುಡುಗಿ ಮತ್ತೆ ಮತ್ತೆ ನೆನಪಾದಳು.

ಕೌನ್ಸೆಲಿಂಗ್ ಓದುತ್ತಿದ್ದೇನೆ ಎಂದಾಗ ನಮ್ಮ ಸೋದರಮಾವ ಕೇಳಿದ್ದು, "ಸಿಇಟಿಯದೋ, ವರ್ಗಾವಣೆಯದೋ?" ಎಂದು. ಕರ್ನಾಟಕದಲ್ಲಿ ಆ ಪದದ ಪಾಡು ಹಾಗೆ. ಎಂಜಿನಿಯರಿಂಗ್ ಸೀಟು ಆರಿಸಿಕೊಳ್ಳುವುದೂ ಕೌನ್ಸೆಲಿಂಗ್, ಮೇಷ್ಟರು ಊರು ಆರಿಸಿಕೊಳ್ಳುವುದೂ ಕೌನ್ಸೆಲಿಂಗ್. ಆಪ್ತಸಮಾಲೋಚನೆ ಎಂದರೆ ಇನ್ನೊಂದು ಪೇಚು. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಯ ಕೋಣೆಯ ಬಾಗಿಲ ಮೇಲೆ ಆ ಬೋರ್ಡ್ ನೋಡಿದವರು ಥಟ್ಟನೆ ದನಿ ತಗ್ಗಿಸುತ್ತಾರೆ. ನಾನು ಯಾಕೆ ಸೇರಿದೆ ಎಂಬುದು ದೊಡ್ಡ ಕಥೆಯೇನಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದ ಒಬ್ಬ ಹುಡುಗನಿಗೆ, "ಚೆನ್ನಾಗಿ ಓದು, ಎಲ್ಲ ಸರಿಹೋಗುತ್ತದೆ" ಎಂದು ಹೇಳಿ ಕಳಿಸಿದ್ದೆ. ಮುಂದಿನ ತಿಂಗಳು ಅವನು ಕಾಲೇಜು ಬಿಟ್ಟ. ಏನು ಹೇಳಲು ಬಂದಿದ್ದನೋ ಇವತ್ತಿಗೂ ನನಗೆ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ತುಮಕೂರಿನಿಂದ ಯಶವಂತಪುರದ ರೈಲು, ಭಾನುವಾರ ಸಂಜೆ ವಾಪಸು. ತರಗತಿಯಲ್ಲಿ ಇಪ್ಪತ್ತೆರಡು ಮಂದಿ. ಒಬ್ಬರು ನರ್ಸ್, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಉಳಿದವರು ಬಹುತೇಕ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಪಾಠಗಳ ಬಗ್ಗೆ ಹೆಚ್ಚು ಹೇಳಲಾರೆ, ಪಾಠಗಳು ಪಾಠಗಳೇ. ಆದರೆ ಮೊದಲ ದಿನವೇ ಒಂದು ಹಾಳೆ ಕೊಟ್ಟರು. ಕೇಳಿಸಿಕೊಳ್ಳುವುದು, ಅನುಭೂತಿ, ಸಹನೆ, ಗೋಪ್ಯತೆ ಹೀಗೆ ಹನ್ನೆರಡು ಸಾಮರ್ಥ್ಯಗಳು; ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ನಮಗೆ ನಾವೇ ಅಂಕ ಕೊಟ್ಟುಕೊಳ್ಳಬೇಕು. ಕೋರ್ಸ್ ಮುಗಿಯುವಾಗ ಇದೇ ಹಾಳೆಯನ್ನು ಮತ್ತೆ ತುಂಬಿಸಬೇಕು. ಎರಡನ್ನೂ ಹೋಲಿಸಿ ನಮ್ಮ "ವೃತ್ತಿಪರ ಬೆಳವಣಿಗೆ"ಯ ಬಗ್ಗೆ ಟಿಪ್ಪಣಿ ಬರೆಯಬೇಕು. ಹದಿನೇಳು ವರ್ಷ ಮಕ್ಕಳ ಮಾತು ಕೇಳಿದವಳಲ್ಲವೇ? "ಕೇಳಿಸಿಕೊಳ್ಳುವುದು" ಎಂಬುದರ ಮುಂದೆ ಐದು ಹಾಕಿದೆ.

ಮೂರನೆಯ ವಾರ ಮೊದಲ ಧ್ವನಿಮುದ್ರಣ. ಮೂವರು ಮೂವರಾಗಿ ಕೂರಬೇಕು: ಒಬ್ಬರು ಸಮಾಲೋಚಕರು, ಒಬ್ಬರು ಕಷ್ಟ ಹೇಳಿಕೊಳ್ಳುವವರು, ಇನ್ನೊಬ್ಬರು ನೋಡುವವರು. ಹದಿನೈದು ನಿಮಿಷದ ಮಾತುಕತೆಯನ್ನು ಮೊಬೈಲ್‌ನಲ್ಲಿ ಮುದ್ರಿಸಿಕೊಂಡು, ಮನೆಗೆ ಹೋಗಿ ಒಂದಕ್ಷರ ಬಿಡದೆ ಬರೆದು ತರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಈ ಪದ್ಧತಿಗೆ ದಾರಿ ಮಾಡಿದವರಲ್ಲಿ ಒಬ್ಬರು. ಒಂದು ಗ್ರಾಮಫೋನ್ ತಟ್ಟೆಯಲ್ಲಿ ಕೆಲವೇ ನಿಮಿಷಗಳ ಮಾತು ಹಿಡಿಯುತ್ತಿದ್ದ ಕಾಲದಲ್ಲಿ, ಅಂಥ ತಟ್ಟೆಗಳ ಮೇಲೆ ಚಿಕಿತ್ಸೆಯ ಮಾತುಕತೆಯನ್ನು ಮುದ್ರಿಸಿ, 1942ರಲ್ಲಿ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಅಚ್ಚು ಹಾಕಿಸಿದರು. ಅದಕ್ಕೆ ಮುಂಚೆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯಿತೆಂಬುದಕ್ಕೆ ಚಿಕಿತ್ಸಕರ ನೆನಪೇ ಆಧಾರ. ನೆನಪು ಯಾರ ಪರ ಎಂದು ಹೇಳಬೇಕಾಗಿಲ್ಲ.

ನನ್ನ ಮುಂದೆ ಕೂತವರು ಬ್ಯಾಂಕಿನ ಆ ಹಿರಿಯರು. ಪಾತ್ರ ಮಾಡಿ ಎಂದರೆ ತಮ್ಮ ಮನೆಯ ಸಂಗತಿಯನ್ನೇ ತೆಗೆದರು. ಅವರ ಒಪ್ಪಿಗೆ ಪಡೆದು, ವಿವರ ಕೊಂಚ ಬದಲಿಸಿ ಬರೆಯುತ್ತಿದ್ದೇನೆ. ರಾತ್ರಿ ಹನ್ನೊಂದರ ಮೇಲೆ ಊಟದ ಮೇಜಿನ ಮುಂದೆ ಇಯರ್‌ಫೋನ್ ಹಾಕಿಕೊಂಡು, ಒಂದು ಸಾಲು ಕೇಳಿ, ನಿಲ್ಲಿಸಿ, ಬರೆದು, ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ.

ಅವರು: ಮಗ ಈಗ ಭಾನುವಾರ ಮಾತ್ರ ಫೋನ್ ಮಾಡುತ್ತಾನೆ. ಅದೂ ಸೊಸೆ ನೆನಪಿಸಿದರೆ.

ನಾನು: ಅಲ್ಲಿ ಕೆಲಸದ ಒತ್ತಡ ಇರುತ್ತದೆ ಸರ್. ಹಗಲು ರಾತ್ರಿಯ ವ್ಯತ್ಯಾಸ ಬೇರೆ. ನೀವೇ ಒಂದು ಹೊತ್ತು ಗೊತ್ತು ಮಾಡಿಕೊಂಡು ಫೋನ್ ಮಾಡಬಹುದಲ್ಲ?

ಅವರು: ಹೌದು. ಮಾಡಬಹುದು.

ಸ್ವಂತ ದನಿ ಕೇಳುವುದೇ ಹಿಂಸೆ. ಸ್ವಂತ ಜಾಣತನ ಕೇಳುವುದು ಇನ್ನೂ ಹಿಂಸೆ. ಕೆಂಪು ಪೆನ್ನು ಹಿಡಿದು ನನ್ನ ಮಾತುಗಳನ್ನು ವಿಂಗಡಿಸಿದೆ; ಅಂಕಿಯ ಚಟ ಬಿಡುವುದಿಲ್ಲ. ಒಟ್ಟು ಐವತ್ತೆಂಟು ಸಲ ಬಾಯಿ ತೆರೆದಿದ್ದೆ. ಅದರಲ್ಲಿ ಪ್ರಶ್ನೆ ಮೂವತ್ತೊಂದು, ಸಲಹೆ ಹದಿನಾಲ್ಕು, ಸಮಾಧಾನ ಒಂಬತ್ತು. ಅವರು ಹೇಳಿದ್ದನ್ನೇ ಹಿಡಿದು ಆಡಿದ ಮಾತು ನಾಲ್ಕು. ಇಬ್ಬರೂ ಸುಮ್ಮನಿದ್ದ ಅತಿ ದೀರ್ಘ ಹೊತ್ತನ್ನು ಸ್ಟಾಪ್‌ವಾಚ್ ಹಿಡಿದು ನೋಡಿದೆ. ಎರಡು ಸೆಕೆಂಡ್. ಒಂದು ಮೀಟರ್ ಲೋಲಕ ಒಮ್ಮೆ ಹೋಗಿ ಬರುವಷ್ಟು.

ನಮ್ಮ ಸೂಪರ್‌ವೈಸರ್ ಮೇಡಂ ಮಾತು ಕಡಿಮೆ ಆಡುವವರು. ಆ ಹಾಳೆಯಲ್ಲಿ ಅವರು ನನ್ನ ಮಾತಿಗೆ ಗುರುತು ಹಾಕಲಿಲ್ಲ, "ಹೌದು. ಮಾಡಬಹುದು" ಎಂಬುದಕ್ಕೆ ಸುತ್ತು ಹಾಕಿದರು.

"ಇದನ್ನು ನಿಮ್ಮ ವಿದ್ಯಾರ್ಥಿಗಳು ಹೇಗೆ ಹೇಳುತ್ತಿದ್ದರು?"

ಸ್ವಲ್ಪ ಯೋಚಿಸಬೇಕಾಯಿತು. "'ಅರ್ಥವಾಯಿತು ಮೇಡಂ' ಎನ್ನುತ್ತಿದ್ದರು."

ಆ ದಿನ ಊರಿಗೆ ಹೊರಟಾಗ ದೊಡ್ಡಬಳ್ಳಾಪುರದ ಕಡೆಯ ರೈಲು ಹತ್ತಿಬಿಡುವುದೊಂದು ಬಾಕಿ; ಅಷ್ಟು ತಲೆ ಕೆಟ್ಟಿತ್ತು. ಹದಿನೇಳು ವರ್ಷ ಎಷ್ಟು "ಅರ್ಥವಾಯಿತು ಮೇಡಂ" ಕೇಳಿಸಿಕೊಂಡು, ಅರ್ಥವಾಗಿದೆ ಎಂದುಕೊಂಡು ಮುಂದಿನ ಪಾಠಕ್ಕೆ ಹೋಗಿದ್ದೇನೆ!

ಇನ್ನು ದಿನಚರಿ. ಪ್ರತಿ ವಾರ ಒಂದು ಅನುಭವದ ಬಗ್ಗೆ ಆತ್ಮಾವಲೋಕನ ಬರೆಯಬೇಕು, ಅದೂ ಗಿಬ್ಸ್ ಎಂಬುವರು 1988ರಲ್ಲಿ ಕೊಟ್ಟ ಚಕ್ರದ ಪ್ರಕಾರ. ಏನಾಯಿತು, ಆಗ ನಿಮ್ಮೊಳಗೆ ಏನಿತ್ತು, ಯಾವುದು ಒಳ್ಳೆಯದಾಯಿತು ಯಾವುದು ಕೆಟ್ಟಿತು, ಯಾಕೆ, ಇದರಿಂದ ತಿಳಿದದ್ದೇನು, ಮುಂದೆ ಏನು ಮಾಡುತ್ತೀರಿ: ಹೀಗೆ ಆರು ಮೆಟ್ಟಿಲು. ಚಕ್ರದಲ್ಲಿ ತಪ್ಪಿಲ್ಲ. ತಪ್ಪಿದ್ದದ್ದು ನನ್ನಲ್ಲಿ. ಎರಡನೆಯ ವಾರಕ್ಕೇ ನನಗೆ ಅದರ ಮರ್ಮ ಸಿಕ್ಕಿಬಿಟ್ಟಿತು. ಮೊದಲು ಒಂದು ಸಣ್ಣ ತಪ್ಪು ಒಪ್ಪಿಕೊಳ್ಳಬೇಕು, ತೀರಾ ದೊಡ್ಡದಾಗಿರಬಾರದು. ನಡುವೆ ಕೊಂಚ ಪಶ್ಚಾತ್ತಾಪ. ಐದನೆಯ ಮೆಟ್ಟಿಲಿನಲ್ಲಿ ಕಣ್ಣು ತೆರೆಯಬೇಕು. ಆರನೆಯದರಲ್ಲಿ ಸಂಕಲ್ಪ. ಬರವಣಿಗೆ ನೀರು ಕುಡಿದಷ್ಟು ಸಲೀಸಾಯಿತು. ಶನಿವಾರದ ರೈಲಿನಲ್ಲೇ ಕೂತು ಬರೆದು ಮುಗಿಸುತ್ತಿದ್ದೆ.

ಎಂಟು ವಾರದ ದಿನಚರಿಯನ್ನು ಒಟ್ಟಿಗೆ ಓದಿ ಮೇಡಂ ಹೇಳಿದರು: "ಎಂಟು ವಾರದಲ್ಲಿ ಎಂಟು ಸಲ ನಿಮಗೆ ಜ್ಞಾನೋದಯವಾಗಿದೆ. ಬುದ್ಧನಿಗೂ ಒಂದೇ ಸಲ ಆಗಿದ್ದು."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೆ ಮಾತ್ರ ಆ ಹುಡುಗಿಯ 9.79 ಕಂಡಿತು. ಉತ್ತರ ಮೊದಲೇ ಗೊತ್ತಿತ್ತು, "ನಾನು ಬೆಳೆದೆ" ಎಂಬುದು. ರೀಡಿಂಗ್‌ಗಳನ್ನು ಅದಕ್ಕೆ ಹೊಂದಿಸುತ್ತಿದ್ದೆ. ಬೆಳವಣಿಗೆಯನ್ನು ತೋರಿಸಿ ಎಂದು ಕೇಳುವ ಯಾವ ಪಠ್ಯಕ್ರಮಕ್ಕೂ ಈ ಅಪಾಯ ಇದ್ದೇ ಇದೆ ಎಂದು ನನ್ನ ಅಭಿಪ್ರಾಯ. ತೋರಿಸು ಎಂದರೆ ತೋರಿಸುತ್ತೇವೆ. ಒಂಬತ್ತನೆಯ ವಾರದ ದಿನಚರಿಯಲ್ಲಿ ಐದನೆಯ ಮೆಟ್ಟಿಲಿನ ಕೆಳಗೆ "ಏನೂ ತಿಳಿಯಲಿಲ್ಲ. ಈ ವಾರ ನನಗೆ ಬೇಸರವಾಗಿತ್ತು, ಎದುರಿಗಿದ್ದವರ ಮಾತು ಅರ್ಧ ಕಿವಿಗೆ ಬೀಳಲಿಲ್ಲ" ಎಂದು ಬರೆದೆ. ಅದನ್ನು ಬರೆಯಲು ಹಿಡಿದಷ್ಟು ಹೊತ್ತು ಹಿಂದಿನ ಎಂಟಕ್ಕೂ ಸೇರಿ ಹಿಡಿದಿರಲಿಲ್ಲ.

ಭಾಷೆಯದು ಬೇರೆಯೇ ತಕರಾರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅಭ್ಯಾಸಕ್ಕೆ ಹೋದ ಕೇಂದ್ರದಲ್ಲಿ ಬರುವವರೆಲ್ಲ ಕನ್ನಡದವರು. ಎದುರಿಗಿರುವವರ ಭಾವನೆಯನ್ನು ಅವರಿಗೇ ಹಿಂತಿರುಗಿಸಿ ಹೇಳಬೇಕು ಎಂಬ ಪಾಠವನ್ನು ನಾನು ಬಲು ಶ್ರದ್ಧೆಯಿಂದ ಕನ್ನಡಕ್ಕೆ ಇಳಿಸಿದ್ದೆ. "ನಿಮಗೆ ಬೇಸರವಾಗಿದೆ ಎಂದು ನನಗೆ ಕೇಳಿಸುತ್ತಿದೆ" ಎಂದಾಗ ಬ್ಯಾಂಕಿನ ಹಿರಿಯರು, "ಹಾಗಾದರೆ ಕಿವಿ ಸರಿಯಾಗಿದೆ ಬಿಡಿ" ಎಂದರು. ಕನ್ನಡದಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ನಮ್ಮಜ್ಜಿ ಕಥೆ ಹೇಳುವಾಗ ನಾವು "ಹೂಂ" ಎನ್ನಲೇಬೇಕಿತ್ತು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಅಮೆರಿಕದ ಅಲೆನ್ ಐವಿ 1960ರ ದಶಕದಲ್ಲಿ ಸಮಾಲೋಚನೆಯ ಮಾತುಕತೆಯನ್ನು ಚಿಕ್ಕ ಚಿಕ್ಕ ಕೌಶಲಗಳಾಗಿ ಒಡೆದು, ವಿಡಿಯೋ ತೋರಿಸಿ ಕಲಿಸುವ ಕ್ರಮ ತಂದರಲ್ಲ, ಅದರಲ್ಲಿ ಈ ಹೂಂಗುಟ್ಟುವುದಕ್ಕೂ ಒಂದು ಜಾಗವಿದೆ. ಇನ್ನೊಬ್ಬರ ಮಾತಿನ ಕೊನೆಯ ಪದವನ್ನೇ ಎಳೆದು ಹೇಳಿ ಬಿಡುವುದೂ ಅದರಲ್ಲಿದೆ. "ಸೊಸೆ ನೆನಪಿಸಿದರೆ..." ಎಂದಷ್ಟೇ ಹೇಳಿ ಸುಮ್ಮನಿದ್ದಿದ್ದರೆ ಸಾಕಿತ್ತು. ನಮ್ಮೂರಿನ ಜಗಲಿಯಲ್ಲಿ ಕೂತ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು.

ಇನ್ನೂ ಹೆಚ್ಚು ಕಾಡಿದ್ದು "ಅನ್ನಿಸುತ್ತದೆ" ಎಂಬ ಪದ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಚಿಕಿತ್ಸಾ ಕ್ರಮದಲ್ಲಿ ಒಂದು ಕೋಷ್ಟಕ ಉಂಟು. ನಡೆದದ್ದು ಏನು, ಆಗ ಬಂದ ಯೋಚನೆ ಏನು, ಆಗ ಆದ ಭಾವನೆ ಏನು ಎಂದು ಬೇರೆ ಬೇರೆ ಮನೆಗಳಲ್ಲಿ ಬರೆಯಬೇಕು. ಯೋಚನೆ ಬೇರೆ, ಭಾವನೆ ಬೇರೆ ಎಂದು ಬಿಡಿಸುವುದರಲ್ಲೇ ಅರ್ಧ ಕೆಲಸವಿದೆ. ಅಭ್ಯಾಸದಲ್ಲಿ ನರ್ಸ್ ಗೆಳತಿ ಹೇಳಿದಳು: "ಮನೆಯಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಅನ್ನಿಸುತ್ತದೆ." ಇದು ಯಾವ ಮನೆಗೆ? ಅನ್ನಿಸುವುದರಲ್ಲಿ ಯೋಚನೆಯೂ ಇದೆ, ನೋವೂ ಇದೆ. ನಮ್ಮ ಭಾಷೆ ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿ ಕೊಡುತ್ತದೆ. ಇಂಗ್ಲಿಷ್ ಕೋಷ್ಟಕದ ಎದುರು ಪೆನ್ನು ಹಿಡಿದು ಇಬ್ಬರೂ ಪೆದ್ದುಪೆದ್ದಾಗಿ ಕೂತಿದ್ದೆವು.

ದಾರಿ ಸಿಕ್ಕಿದ್ದೂ ಕನ್ನಡದಿಂದಲೇ. ನಮ್ಮಲ್ಲಿ ಭಾವನೆಗಳಿಗೆ ಕ್ರಿಯಾಪದವೇ ಬೇರೆ: ಸಿಟ್ಟು ಬರುತ್ತದೆ, ಭಯ ಆಗುತ್ತದೆ, ಸಂಕಟ ಆಗುತ್ತದೆ, ದುಃಖ ಉಮ್ಮಳಿಸುತ್ತದೆ. ಹಾಗಾಗಿ ಎರಡನೆಯ ಮನೆಗೆ "ಏನನ್ನಿಸಿತು?" ಎಂದೂ ಮೂರನೆಯದಕ್ಕೆ "ಹಾಗನ್ನಿಸಿದಾಗ ಏನಾಯಿತು?" ಎಂದೂ ತಲೆಬರಹ ಕೊಟ್ಟೆ. ಗೆಳತಿ ತಡವರಿಸಲೇ ಇಲ್ಲ. "ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು" ಎಂದಳು. ಈ ಸಣ್ಣ ತಿದ್ದುಪಡಿಯನ್ನೇ ಒಂದು ಅಸೈನ್‌ಮೆಂಟ್ ಆಗಿ ಬರೆದು ಕೊಟ್ಟೆ. ಇಡೀ ಕೋರ್ಸ್‌ನಲ್ಲಿ ನಾನು ನಿಜವಾಗಿ ಹೆಮ್ಮೆಪಡುವ ಪುಟಗಳು ಅವೇ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳಿಂದ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತ ಬಂದದ್ದು ಎಷ್ಟು ದೊಡ್ಡ ಕೆಲಸ ಎಂದು ಆಗ ಹೊಳೆಯಿತು. ಅವರ ಅಂಕಣಗಳನ್ನು ನಾನು ಪತ್ರಿಕೆಯಲ್ಲಿ ಕಾಫಿ ಕುಡಿಯುತ್ತ ಓದಿ ಮಡಚಿಟ್ಟವಳು.

ನನಗೆ ಅತಿ ಕಷ್ಟವಾದ ಪಾಠ ಆತ್ಮಹತ್ಯೆಯ ಯೋಚನೆಯ ಬಗ್ಗೆ ಕೇಳುವುದು. ನೇರವಾಗಿ ಕೇಳಬೇಕು, ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ, ಕೇಳಿದರೆ ಎಷ್ಟೋ ಜನರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಇದೆಲ್ಲ ಬರೆದು ಅಂಕ ತೆಗೆದುಕೊಂಡಿದ್ದೆ. ಅಭ್ಯಾಸಕ್ಕೆ ಕೂತಾಗ ಬಾಯಿಂದ ಬಂದದ್ದು, "ನಿಮಗೆ ಅಂಥ ಯೋಚನೆ ಏನಾದರೂ..."

"ಅಂಥ ಎಂದರೆ ಎಂಥ?" ಎಂದರು ಮೇಡಂ ಹಿಂದಿನಿಂದ.

ನಾವು ಆ ಮಾತನ್ನು ಆಡದೆ ಆಡುವವರು. "ಏನಾದರೂ ಮಾಡಿಕೊಂಡುಬಿಟ್ಟರೆ" ಎನ್ನುತ್ತೇವೆ. ಏನು ಎಂದು ಹೇಳುವುದಿಲ್ಲ, ಕೇಳುವುದೂ ಇಲ್ಲ. ಬಾಯಿಗೆ ಅಭ್ಯಾಸವಾಗಲಿ ಎಂದು ಆ ವಾರ ಮನೆಯಲ್ಲಿ ಪಾತ್ರೆ ತೊಳೆಯುತ್ತ, "ಸಾಯಬೇಕು ಎಂದು ಅನ್ನಿಸಿದೆಯೇ? ಸಾಯಬೇಕು ಎಂದು ಅನ್ನಿಸಿದೆಯೇ?" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ನಡುಮನೆಯಿಂದ ಅತ್ತೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಯಾರನ್ನು ಕೇಳುತ್ತಿದ್ದೀಯಮ್ಮಾ?"

ಪಾಠದ ಅಭ್ಯಾಸ ಎಂದು ನಗುತ್ತ ಹೇಳಿದೆ. ಅವರು ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಿನ್ನ ಮಾವ ತೀರಿಹೋದ ವರ್ಷ ನನಗೆ ಹಾಗೇ ಅನ್ನಿಸುತ್ತಿತ್ತು. ಯಾರೂ ಕೇಳಲಿಲ್ಲ" ಎಂದರು.

ಮಾವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅದೇ ಮನೆಯಲ್ಲಿ ನಾನೂ ಇದ್ದೆ. ನಾನು ಮಾಡಿದ ಮೊದಲ ಕೆಲಸ ನಲ್ಲಿ ನಿಲ್ಲಿಸಿದ್ದು. ಆಮೇಲೆ ಕೈ ಒರೆಸಿಕೊಂಡು, ಈಗ ಅನ್ನಿಸುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಆಗ ಹೇಗಿತ್ತು ಎಂದೆ. ನೆಲದ ಮೇಲೆ ಕೂತು ಬಹಳ ಹೊತ್ತು ಹೇಳಿದರು. ಅದು ಅವರದು, ಇಲ್ಲಿ ಬರೆಯುವುದಿಲ್ಲ. ಇಷ್ಟನ್ನಾದರೂ ಬರೆಯಲೇ ಎಂದು ಕೇಳಿದ್ದಕ್ಕೆ, "ಬರಿ. 14416 ಎಂದು ಅದೇನೋ ನಂಬರ್ ಹೇಳುತ್ತಿದ್ದೆಯಲ್ಲ, ಅದನ್ನೂ ಹಾಕು" ಎಂದರು. ಅದು ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಕನ್ನಡದಲ್ಲೂ ಮಾತನಾಡುತ್ತಾರೆ, ಹಣ ಬೇಕಿಲ್ಲ. ಆ ಸಂಜೆಯನ್ನು ದಿನಚರಿಯ ಆರು ಮೆಟ್ಟಿಲುಗಳಿಗೆ ನಾನು ಹೊಂದಿಸಲಿಲ್ಲ. ಕೋರ್ಸ್‌ನ ಯಾವ ಕಡತದಲ್ಲೂ ಅದಿಲ್ಲ.

ಕೊನೆಗೆ ಬಂದದ್ದು ಆ ಹಳೆಯ ಹಾಳೆ. ಹನ್ನೆರಡು ಸಾಮರ್ಥ್ಯ, ಒಂದರಿಂದ ಐದು. ಮೊದಲ ದಿನದ ನನ್ನ ಅಂಕಗಳು ಪಕ್ಕದಲ್ಲೇ ಇದ್ದವು. "ಕೇಳಿಸಿಕೊಳ್ಳುವುದು" ಎಂಬುದರ ಮುಂದೆ ಪೆನ್ನು ಇಟ್ಟಾಗ ಪ್ರಾಮಾಣಿಕವಾಗಿ ಬಂದ ಅಂಕಿ ಮೂರು. ಐದರಿಂದ ಮೂರಕ್ಕೆ! ಇದಕ್ಕೆ ಬೆಳವಣಿಗೆ ಎಂದು ಹೆಸರಿಟ್ಟು ಟಿಪ್ಪಣಿ ಬರೆಯಬೇಕು. ಮೊದಲ ದಿನದ ಐದನ್ನು ಎರಡು ಎಂದು ತಿದ್ದಿಬಿಡುವ ಆಸೆ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಪೆನ್ಸಿಲ್‌ನಲ್ಲಿ ಬರೆದದ್ದು, ಅಳಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆಯೇ ಬಿಟ್ಟೆ. ಟಿಪ್ಪಣಿಯಲ್ಲಿ, ಅಳೆಯುವ ಕೋಲೇ ಬದಲಾಗಿದೆ, ಮೊದಲ ದಿನ ನನ್ನ ಬಳಿ ಕೋಲೇ ಇರಲಿಲ್ಲ ಎಂದು ಎರಡು ಸಾಲು ಬರೆದೆ.

ಗೆಳೆಯರೊಬ್ಬರು ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಸರ್ಟಿಫಿಕೇಟ್ ಬಂದರೆ ಆಯಿತಲ್ಲ ಎಂದರು. ಅವರ ಮಾತಿನಲ್ಲೂ ಹುರುಳಿದೆ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು; ಆದರೆ ಆಪ್ತಸಮಾಲೋಚಕ ಎಂದು ಬೋರ್ಡ್ ತಗುಲಿಸಲು ವೈದ್ಯರಿಗೆ, ವಕೀಲರಿಗೆ ಇರುವಂಥ ಪರವಾನಗಿ ಬಹುಕಾಲ ಇರಲೇ ಇಲ್ಲ. ಸಹಾಯಕ ಆರೋಗ್ಯ ವೃತ್ತಿಗಳ 2021ರ ಕಾಯ್ದೆ ಈ ಕೆಲಸವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಹೊರಗಿನಿಂದ ಗಟ್ಟಿಯಾಗಿ ತಡೆದು ಕೇಳುವವರು ಇಲ್ಲದ ಕಡೆ, ಒಳಗಿನ ರೀಡಿಂಗ್ ಸುಳ್ಳಾದರೆ ಬೆಲೆ ತೆರುವವರು ಎದುರು ಕುರ್ಚಿಯಲ್ಲಿ ಕೂತವರು. ಗೆಳೆಯರಿಗೆ ಇದನ್ನು ಹೇಳಲು ಹೋಗಲಿಲ್ಲ, "ಹೌದು, ಸಾಕು" ಎಂದೆ. ಅವರಿಗೆ ಅದು ಒಪ್ಪಿಗೆಯಂತೆಯೇ ಕೇಳಿಸಿತು.

ಕೊನೆಯ ಮೌಖಿಕ ಪರೀಕ್ಷೆಗೆ ಎರಡು ಬರಹಗಳನ್ನು ಇಟ್ಟೆ: ಆ ಐವತ್ತೆಂಟು ಮಾತಿನದು, ಮತ್ತೆ ಹತ್ತು ತಿಂಗಳ ನಂತರ ಅದೇ ಹಿರಿಯರೊಂದಿಗೆ ಹದಿನೈದು ನಿಮಿಷ ಕೂತದ್ದು. ಈ ಸಲ ನಾನು ಇಪ್ಪತ್ತಾರು ಸಲ ಮಾತನಾಡಿದ್ದೆ. ಸಲಹೆ ಎರಡು. ಎರಡೂ ಬೇಡವಾಗಿದ್ದವು, ಅದರಲ್ಲಿ ಒಂದಂತೂ ಅವರು ಕಣ್ಣೊರೆಸಿಕೊಳ್ಳುವಾಗ ಹೇಳಿದ್ದು. ಅದನ್ನೂ ಅಳಿಸದೆ ಇಟ್ಟಿದ್ದೆ. ನಡುವೆ ಒಂದು ಕಡೆ ಅವರು, "ಫೋನ್ ಬಂದರೂ ನನಗೆ ಹೇಳಲು ಏನೂ ಇರುವುದಿಲ್ಲ" ಎಂದಿದ್ದರು. ಅದರ ಕೆಳಗೆ ಕಂಸದಲ್ಲಿ "ಮೌನ, 14 ಸೆಕೆಂಡ್" ಎಂದಿತ್ತು. ಆಮೇಲೆ ಅವರದೇ ಮಾತು: "ನನ್ನಪ್ಪನಿಗೂ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ."

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಆ ಕಂಸದ ಮೇಲೆ ಬೆರಳಿಟ್ಟರು.

"ಇದು ಚೆನ್ನಾಗಿದೆ. ಈ ಹದಿನಾಲ್ಕು ಸೆಕೆಂಡ್ ನೀವು ಏನು ಮಾಡುತ್ತಿದ್ದಿರಿ?"

ಅವರ ಜೊತೆ ಇದ್ದೆ, ಅವರ ನೋವಿಗೆ ಜಾಗ ಬಿಟ್ಟುಕೊಟ್ಟೆ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಪುಸ್ತಕದಲ್ಲಿರುವುದೂ ಅದೇ. ಪಕ್ಕದಲ್ಲಿ ಕೂತಿದ್ದ ನಮ್ಮ ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು.

"ಎಣಿಸುತ್ತಿದ್ದೆ ಸರ್" ಎಂದೆ. "ಇಪ್ಪತ್ತರವರೆಗೆ ಬಾಯಿ ತೆರೆಯಬಾರದು ಎಂದುಕೊಂಡಿದ್ದೆ. ಹದಿನಾಲ್ಕಕ್ಕೆ ಅವರೇ ಮಾತನಾಡಿದರು."